ಒಂದೇ ಸಲದ ಟಿಪ್ಪಣಿ

ನಮ್ಮ ಪರೀಕ್ಷಾ ಮಂಡಳಿಯ ನಿಯಮವೊಂದಿದೆ. ವಿದ್ಯಾರ್ಥಿ ಬರೆದ ಪ್ರಬಂಧದ ಕರಡನ್ನು ಶಿಕ್ಷಕರು ಒಂದು ಸಲ ಮಾತ್ರ ನೋಡಬಹುದು, ಒಂದು ಸಲ ಮಾತ್ರ ಟಿಪ್ಪಣಿ ಬರೆಯಬಹುದು. ಆಮೇಲೆ ಕೈಕಟ್ಟಿ ಕೂರಬೇಕು. ಸಾಲು ತಿದ್ದುವಂತಿಲ್ಲ, ಹೀಗೆ ಬರಿ ಎಂದು ಹೇಳುವಂತಿಲ್ಲ. ಕೆಂಪು ಶಾಯಿಯಲ್ಲಿ ಪುಟವನ್ನೇ ಮುಳುಗಿಸುತ್ತಿದ್ದ ಧಾರವಾಡದ ಮಾಸ್ತರರ ಕೈಕೆಳಗೆ ಕಲಿತವನು ನಾನು. ಈ ನಿಯಮ ಮೊದಮೊದಲು ನನಗೆ ಬಾಯಿಗೆ ಬಟ್ಟೆ ತುರುಕಿದ ಹಾಗೆ ಅನ್ನಿಸುತ್ತಿತ್ತು. ಆಮೇಲೆ ರೂಢಿಯಾಯಿತು. ಆದರೆ ಆ ವರ್ಷ ಹನ್ನೊಂದನೇ ತರಗತಿಯ ಒಬ್ಬ ಹುಡುಗಿಯ ಕರಡನ್ನು ಮುಂದಿಟ್ಟುಕೊಂಡು, ಆ ಒಂದು ಟಿಪ್ಪಣಿ ಏನಿರಬೇಕು ಎಂದು ತಿಳಿಯದೆ ನಾನು ಒದ್ದಾಡಿದ ಒದ್ದಾಟ ಬೇರೆ ಯಾವ ವರ್ಷವೂ ಒದ್ದಾಡಿದ್ದಿಲ್ಲ.

ಶಾಲೆ ಇರುವುದು ಮರಾಠಿ ಸೀಮೆಯ ಹಿಂಜವಾಡಿಯಲ್ಲಿ, ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳ ಹಿಂಬದಿಗೆ. ನಾನಿರುವುದು ಊರಿನ ಇನ್ನೊಂದು ತುದಿಯ ಧನಕವಡಿಯಲ್ಲಿ. ನಡುವಿನ ಟ್ರಾಫಿಕ್ಕು ನನ್ನ ಅರ್ಧ ಆಯುಷ್ಯ ತಿಂದಿದೆ. ಕಲಿಸುವುದು ಇಂಗ್ಲಿಷ್ ಸಾಹಿತ್ಯ, ಅದರಲ್ಲೂ ಹಳೆಯ ಬ್ರಿಟಿಷ್ ಕಾದಂಬರಿಗಳು. ಕುದುರೆಗಾಡಿ, ಉಯಿಲು, ಪಾದ್ರಿ, ಒಂದು ಮಾತು ಹೇಳಲು ಅಧ್ಯಾಯಗಟ್ಟಲೆ ಹಿಂಜರಿಯುವ ಗಂಡಸರು. ಓದುವವರು ಹದಿನಾರು, ಹದಿನೇಳರ ಮಕ್ಕಳು. "ಇವನು ಅವಳಿಗೆ ಒಂದು ಮೆಸೇಜ್ ಹಾಕಿದ್ದರೆ ಅರ್ಧ ಪುಸ್ತಕ ಉಳಿಯುತ್ತಿತ್ತು ಸರ್" ಎಂದು ಹಿಂದಿನ ಬೆಂಚಿನವನೊಬ್ಬ ಅಂದಾಗ ನಾನೂ ನಕ್ಕಿದ್ದೇನೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ವರ್ಷದ ಮೊದಲ ಭಾಗದಲ್ಲಿ ಮನವೊಲಿಸುವ ಪ್ರಬಂಧ. ಕಾದಂಬರಿಯ ಒಂದು ಪಾತ್ರ ಏನೋ ಅನಾಹುತ ಮಾಡಲು ಹೊರಟಿರುತ್ತದೆ, ಬರೆದು ಅದನ್ನು ತಡೆಯಬೇಕು. ಜಮೀನುದಾರನೊಬ್ಬ ಮಗನನ್ನು ಮನೆಯಿಂದ ಹೊರಹಾಕುವವನಿದ್ದಾನೆ, ಅವನ ಮನಸ್ಸು ತಿರುಗಿಸಿ. ನಮ್ಮ ಮಕ್ಕಳು ಅಪ್ಪ ಅಮ್ಮಂದಿರ ಆಫೀಸಿನ ಸ್ಲೈಡುಗಳ ಹಾಗೆ ಅಂಶಗಳನ್ನು ಒಂದರ ಕೆಳಗೊಂದು ಜೋಡಿಸಿ ತರುತ್ತಾರೆ. ಹಟ ಹಿಡಿದವನ ಎದುರು ಅಂಶಗಳ ಪಟ್ಟಿ ಓದಿದರೆ ಅವನ ಹಟ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಅವನ ಭಯ ಏನೆಂದು ಮೊದಲು ಅವನ ಪರವಾಗಿ ನೀವೇ ಹೇಳಿ, ಆಮೇಲೆ ಉತ್ತರ ಕೊಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತದೆ. ಈ ಕೆಲಸದಲ್ಲಿ ಆ ಹುಡುಗಿ ಉಳಿದವರಿಗಿಂತ ಬಹಳ ಮುಂದಿದ್ದಳು. ಸಿಟ್ಟಿನವನ ಸಿಟ್ಟನ್ನು ಅವನಿಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಇಷ್ಟು ಚಿಕ್ಕವಳು ಇದನ್ನು ಎಲ್ಲಿ ಕಲಿತಳು ಎಂದು ಆಗ ನಾನು ಬೆರಗಾಗಿದ್ದೆ.

ಆಮೇಲಿನದು ಹೋಲಿಕೆಯ ಪ್ರಬಂಧ. ಎರಡು ಕಾದಂಬರಿಗಳು, ಒಂದು ಪ್ರಶ್ನೆ. ಪ್ರಶ್ನೆಯನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಮೊದಲರ್ಧ ಒಂದು ಪುಸ್ತಕದ ಕಥೆ, ಉಳಿದರ್ಧ ಇನ್ನೊಂದರ ಕಥೆ ಬರೆದು ತಂದರೆ ನಾನು ಓದದೆ ವಾಪಸು ಕೊಡುತ್ತೇನೆ. ಪ್ರತಿ ಪ್ಯಾರಾದಲ್ಲೂ ಎರಡು ಪುಸ್ತಕಗಳು ಒಂದಕ್ಕೊಂದು ಎದುರಾಗಬೇಕು, ಕೊನೆಯ ಪ್ಯಾರಾದಲ್ಲಿ ತೀರ್ಪು ಬರಬೇಕು. ಯಾವ ಪುಸ್ತಕ ಈ ಪ್ರಶ್ನೆಯನ್ನು ಹೆಚ್ಚು ಆಳವಾಗಿ ಕಂಡಿದೆ, ಏಕೆ? ಎರಡೂ ತಮ್ಮ ತಮ್ಮ ರೀತಿಯಲ್ಲಿ ಶ್ರೇಷ್ಠ ಎಂಬ ವಾಕ್ಯಕ್ಕೆ ನನ್ನ ತರಗತಿಯಲ್ಲಿ ಪ್ರವೇಶವಿಲ್ಲ. ಮಂಡಳಿಯವರೂ ಆ ತೀರ್ಪಿಗೇ ದೊಡ್ಡ ಪಾಲು ಅಂಕ ಇಟ್ಟಿದ್ದಾರೆ.

ಹುಡುಗಿ ಆರಿಸಿಕೊಂಡ ಪ್ರಶ್ನೆ ಮನೆ. ಒಂದು ಕಾದಂಬರಿಯಲ್ಲಿ ಹುಲ್ಲುಹಾಸಿನ ನಡುವಿನ ಬಂಗಲೆ, ಇನ್ನೊಂದರಲ್ಲಿ ಗಿರಣಿ ಊರಿನ ಇಕ್ಕಟ್ಟಾದ ಮನೆ. ಎರಡರಲ್ಲೂ ಆ ಮನೆಗೂ ಇನ್ನೊಂದು ಮನೆಗೂ ನಡುವೆ ಸಿಕ್ಕ ಒಂದು ಮಗು.

ಅವಳು ಪ್ರಶ್ನೆ ಬರೆದುಕೊಟ್ಟ ವಾರವೇ ಶಾಲೆಯ ಸಂಯೋಜಕಿ ನನ್ನನ್ನು ಕರೆದು ಬಾಗಿಲು ಮುಚ್ಚಿದರು. ಕಟ್ಟುನಿಟ್ಟಿನ ಮರಾಠಿ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ. ಹುಡುಗಿಯ ತಂದೆ ತಾಯಿಯ ವಿಚ್ಛೇದನ ಫ್ಯಾಮಿಲಿ ಕೋರ್ಟಿನಲ್ಲಿದೆ, ಉಳಿದಿದ್ದೆಲ್ಲ ಇತ್ಯರ್ಥವಾಗಿದೆ, ಮಗಳೊಬ್ಬಳ ವಿಷಯ ಬಾಕಿ ಇದೆ ಎಂದರು. ಹದಿನಾರು ತುಂಬಿದವಳಾದ್ದರಿಂದ ದೀಪಾವಳಿ ರಜೆ ಮುಗಿದ ಮೇಲೆ ನ್ಯಾಯಾಧೀಶರು ಅವಳನ್ನೇ ಒಳಗೆ ಕರೆದು ಯಾರ ಜೊತೆ ಇರುತ್ತೀ ಎಂದು ಕೇಳಲಿದ್ದಾರೆ. ಅವಳು ಹೇಳಿದ್ದಕ್ಕೆ ಬಹಳ ತೂಕವಿರುತ್ತದೆ. "ಜರಾ ಸಾಂಭಾಳೂನ್ ಘ್ಯಾ, ಸರ್" ಎಂದರು. ಸ್ವಲ್ಪ ನೋಡಿಕೊಳ್ಳಿ ಎಂದು. ನಾನು ತಲೆಯಾಡಿಸಿದೆ. ಹೇಗೆ ನೋಡಿಕೊಳ್ಳಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಾಲಕರ ಸಭೆಗೆ ಇಬ್ಬರೂ ಒಂದೇ ದಿನ ಬಂದರು, ಬೇರೆ ಬೇರೆ ಹೊತ್ತಿಗೆ. ತಂದೆ ಬೆಂಗಳೂರಿನವರು, ಶಾಲೆಯಿಂದ ಕೂಗಳತೆಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಹುಡುಗಿ ವಾರದ ದಿನಗಳಲ್ಲಿ ಅವರ ಫ್ಲ್ಯಾಟಿನಲ್ಲಿ ಇರುತ್ತಿದ್ದಳು.

"ಸರ್, ಅವಳು ಬ್ರೈಟ್ ಇದಾಳೆ, ಅದ್ರಲ್ಲಿ ಡೌಟೇ ಇಲ್ಲ. ಆದ್ರೆ ಯಾವ್ದೂ ಡಿಸೈಡ್ ಮಾಡಲ್ಲ. ಹೋಟೆಲ್‌ಗೆ ಹೋದ್ರೆ ಮೆನು ನನ್ ಕೈಗೇ ಕೊಡ್ತಾಳೆ. ನೀವು ಹೇಳಿದ್ರೆ ಕೇಳ್ತಾಳೆ. ಸ್ವಲ್ಪ ಗಟ್ಟಿಯಾಗಿ ಒಂದು ಕಡೆ ನಿಲ್ಲೋದು ಕಲಿಸಿ" ಎಂದರು.

ತಾಯಿ ಬೆಳಗಾವಿ ಕಡೆಯವರು, ಧನಕವಡಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುವವರು. ನಾನು ಧಾರವಾಡದವನೆಂದು ತಿಳಿದದ್ದೇ ಕುರ್ಚಿ ಹತ್ತಿರ ಎಳೆದುಕೊಂಡರು.

"ಸರ, ನೀವು ನಮ್ಮ ಕಡೆಯವರು ಅಂತ ಕೇಳ್ತೀನ್ರಿ. ಅಕಿ ಮನಸ್ಸಿನ್ಯಾಗ ಇದ್ದದ್ದು ಬಾಯಿಗೆ ಬರೂದಿಲ್ಲ. ಇವತ್ತ ಏನ ಪಲ್ಯ ಮಾಡ್ಲಿ ಅಂದ್ರ ನಿನಗ ತಿಳದದ್ದು ಮಾಡು ಅಂತಾಳ. ಇದ್ದದ್ದು ಇದ್ದಂಗ ಹೇಳೂದು ಒಂದು ಕಲಿಸ್ರಿ, ಭಾಳ ಉಪಕಾರ ಆಗ್ತದ" ಎಂದರು.

ಇಬ್ಬರೂ ಕೇಳಿದ್ದು ಒಂದನ್ನೇ. ಮಗಳು ಬಾಯಿ ಬಿಟ್ಟರೆ ತನ್ನ ಹೆಸರೇ ಬರುತ್ತದೆ ಎಂದು ಇಬ್ಬರಿಗೂ ಖಾತ್ರಿ. ಕೆಟ್ಟವರಲ್ಲ, ಇಬ್ಬರೂ ಮಗಳಿಗಾಗಿ ಜೀವ ಬಿಡುವವರೇ. ಅದನ್ನು ಕಂಡೇ ನನಗೆ ಹೆಚ್ಚು ಸಂಕಟವಾಯಿತು. ಒಬ್ಬರು ದುಷ್ಟರಾಗಿದ್ದರೆ ಹುಡುಗಿಯ ಕೆಲಸ ಹಗುರಾಗುತ್ತಿತ್ತು.

ಕರಡು ಬಂತು. ಓದುತ್ತ ಹೋದ ಹಾಗೆ ನನಗೆ ಏನೋ ವಿಚಿತ್ರ ಅನ್ನಿಸತೊಡಗಿತು. ಬಂಗಲೆಯ ಬಗ್ಗೆ ಒಂದು ಉದ್ಧರಣೆ ಬಂದರೆ ಗಿರಣಿ ಊರಿನ ಮನೆಗೂ ಒಂದು. ಇದರಲ್ಲಿ ಒಂದು ದೋಷ ತೋರಿಸಿದರೆ ಅದರಲ್ಲೂ ಒಂದು ದೋಷ, ಅಷ್ಟೇ ಗಾತ್ರದ್ದು. ಒಂದು ಪ್ಯಾರಾದಲ್ಲಿ ಮೊದಲು ಈ ಪುಸ್ತಕದ ಹೆಸರು, ಮುಂದಿನ ಪ್ಯಾರಾದಲ್ಲಿ ಮೊದಲು ಆ ಪುಸ್ತಕದ್ದು. ಹಬ್ಬಕ್ಕೆ ಇಬ್ಬರು ಮಕ್ಕಳಿಗೆ ಜಗಳವಾಗದಂತೆ ಸಿಹಿ ಹಂಚುವ ಹಾಗೆ ಹಂಚಿದ್ದಳು. ಬರವಣಿಗೆ ಚೆನ್ನಾಗಿತ್ತು, ಆದರೆ ಉಸಿರಿರಲಿಲ್ಲ. ಕೊನೆಯ ಪ್ಯಾರಾದಲ್ಲಿ, ನನ್ನ ತರಗತಿಗೆ ಪ್ರವೇಶವಿಲ್ಲದ ಆ ವಾಕ್ಯ ಹಾಯಾಗಿ ಬಂದು ಕೂತಿತ್ತು.

ಶುಕ್ರವಾರ ಸಂಜೆ ಅವಳು ತಾಯಿಯ ಮನೆಗೆ ಹೋಗುವುದು ನಾನು ಹೋಗುವ ಶಾಲಾ ಬಸ್ಸಿನಲ್ಲೇ. ಪುಸ್ತಕದ ಚೀಲದ ಜೊತೆ ಬಟ್ಟೆಯ ಚೀಲ ಇನ್ನೊಂದು. ತರಗತಿಯಲ್ಲಿ ಇಂಗ್ಲಿಷು, ಬಸ್ಸಿನಲ್ಲಿ ನಾವಿಬ್ಬರೂ ಕನ್ನಡ. ಹತ್ತುವಾಗ ಅವಳ ಕನ್ನಡ ಅಪ್ಪನದು, ಇಳಿಯುವ ಹೊತ್ತಿಗೆ ಅಮ್ಮನದು. ಅವಳಿಗೆ ಅದು ತಿಳಿಯುತ್ತಿತ್ತೋ ಇಲ್ಲವೋ, ನನ್ನ ಕಿವಿಗೆ ಬೀಳುತ್ತಿತ್ತು. ಆ ಶುಕ್ರವಾರ ಅಕ್ಟೋಬರಿನ ಸೆಖೆ, ಬಸ್ಸು ವಾಕಡದ ಹತ್ತಿರ ಕೆಟ್ಟು ನಿಂತ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡಿತ್ತು. ಕರಡಿನ ಬಗ್ಗೆ ಬಾಯಲ್ಲಿ ಮಾತಾಡುವುದೂ ನಿಯಮಕ್ಕೆ ವಿರುದ್ಧ. ಆದರೂ ತಡೆಯಲಾಗಲಿಲ್ಲ.

"ಕಡೀ ಪ್ಯಾರಾ ಯಾಕ ಹಂಗ ಬಿಟ್ಟಿ ತಂಗಿ?" ಎಂದೆ.

"ಒಂದು ಗೆದ್ರೆ ಇನ್ನೊಂದು ಸೋತ ಹಾಗೆ ಆಗತ್ತಲ್ಲ ಸರ್."

"ಸೋತರ ಪುಸ್ತಕಕ್ಕ ಏನ ಬ್ಯಾಸರ ಆಗ್ತದ?"

"ಪುಸ್ತಕಕ್ಕೆ ಆಗಲ್ಲ" ಎಂದು ಕಿಟಕಿಯ ಕಡೆ ತಿರುಗಿದಳು.

ಟ್ಯಾಂಕರನ್ನು ಪಕ್ಕಕ್ಕೆ ತಳ್ಳಿದರು, ಬಸ್ಸು ಹೊರಟಿತು. ಬಹಳ ದೂರ ಬಂದ ಮೇಲೆ, ನಮ್ಮ ಕಡೆಯ ಕಾತ್ರಜದ ಗುಡ್ಡ ಕಾಣತೊಡಗಿದಾಗ ಕೇಳಿದಳು. "ಸರ್, ಕೋರ್ಟಿನ್ಯಾಗ ಕೇಳಿದಾಗ ನನಗ ಗೊತ್ತಿಲ್ಲ ಅಂದ್ರ ನಡೀತದೇನ್ರಿ?"

ಅವಳಾಗಿ ಆ ವಿಷಯ ಎತ್ತಿದ್ದು ಅದೇ ಮೊದಲು. ಕೋರ್ಟಿನ ರೀತಿ ನನಗೇನು ಗೊತ್ತು? ಅಲ್ಲಿನ ಕೌನ್ಸೆಲರ್ ಅವರನ್ನು ಕೇಳು ಎಂದೆ. "ಕೇಳಿದೆ. ಮನಸ್ಸು ಗಟ್ಟಿ ಮಾಡ್ಕೊಂಡು ಬಾ ಅಂದ್ರು" ಎಂದಳು. ಇಳಿಯುವಾಗ ಒಂದು ಚೀಲ ನಾನು ಹಿಡಿಯಲು ಹೋದೆ, ಬೇಡ ಅಂದಳು.

ಕರಡು ನನ್ನ ಬಳಿ ಉಳಿಯಿತು. ಸಾಮಾನ್ಯವಾಗಿ ನಾನು ಎರಡು ದಿನದಲ್ಲಿ ಟಿಪ್ಪಣಿ ಬರೆದು ಕೊಟ್ಟುಬಿಡುವವನು. ಈ ಸಲ ಬೇರೆಯವರದೆಲ್ಲ ಮುಗಿಸಿ ಇವಳದನ್ನು ಕೆಳಗಿಡುತ್ತ ಹೋದೆ. ಬರೆಯಬೇಕಾದದ್ದು ಎರಡೇ ಶಬ್ದ: ತೀರ್ಪು ಎಲ್ಲಿ? ಬರೆದರೆ ಅವಳು ತಿದ್ದುತ್ತಾಳೆ, ಒಂದು ಪುಸ್ತಕವನ್ನು ಗೆಲ್ಲಿಸುತ್ತಾಳೆ, ಅಂಕ ಬರುತ್ತದೆ. ಬರೆಯದಿದ್ದರೆ ಒಳ್ಳೆಯ ಹುಡುಗಿಯೊಬ್ಬಳು ನನ್ನ ಕಣ್ಣೆದುರೇ ಅಂಕ ಕಳೆದುಕೊಳ್ಳುತ್ತಾಳೆ. ಅವಳಿಗೆ ಮನೆಯಲ್ಲಿ ಬಿದ್ದ ಒತ್ತಡವನ್ನೇ ನಾನೂ ಹಾಕಬೇಕೇ ಎಂಬುದು ನನ್ನ ಕಷ್ಟ. ಸಂಯೋಜಕಿ ಒಂದು ದಿನ ಬಂದು, ಉಳಿದವರ ಕರಡು ಹೋಗಿಯಾಗಿದೆ, ಇದೊಂದೇ ಏಕೆ ನಿಂತಿದೆ ಎಂದು ಕೇಳಿದರು. ಓದುತ್ತಿದ್ದೇನೆ ಎಂದು ಸುಳ್ಳು ಹೇಳಿದೆ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಆ ಹಾಳೆಗಳನ್ನು ಹರಡಿಕೊಂಡು ಕೂತಿದ್ದೆ. ಹೆಂಡತಿ ಎದುರಿಗೆ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ನನ್ನ ಮುಖ ನೋಡಿ ಏನೆಂದು ಕೇಳಿದಳು, ಹೇಳಿದೆ. ಸೊಪ್ಪಿನಿಂದ ತಲೆ ಎತ್ತದೆ, "ಕೋರ್ಟಿನ್ಯಾಗೂ ಅದನ್ನ ಕೇಳ್ತಾರ, ಸಾಲ್ಯಾಗೂ ನೀವು ಅದನ್ನ ಕೇಳ್ತೀರಿ. ಆ ಕೂಸು ಎಲ್ಲೆ ಹೋಗಬೇಕ್ರಿ?" ಎಂದಳು.

ಆ ಮಾತು ಕೇಳಿದ ಮೇಲೆ ಪೆನ್ನು ತೆಗೆದುಕೊಂಡೆ. ಒಂದು ಟಿಪ್ಪಣಿ ಬರೆದು ಹೊಡೆದು ಹಾಕಿದೆ, ಇನ್ನೊಂದನ್ನೂ ಹೊಡೆದು ಹಾಕಿದೆ. ಕೊನೆಗೆ ಬೇರೆ ಹಾಳೆಯಲ್ಲಿ ಬರೆದು ನೋಡಿ, ಆಮೇಲೆ ಅವಳ ಕರಡಿನ ಅಂಚಿನಲ್ಲಿ ಇಳಿಸಿದೆ. ಅದರ ಸಾರ ಇಷ್ಟು: ತೀರ್ಪು ಕೊಡಲಾರೆ ಅನ್ನಿಸಿದರೆ ಕೊಡಬೇಡ. ಆದರೆ ಎರಡೂ ಚೆಂದ ಎಂದು ತಪ್ಪಿಸಿಕೊಂಡು ಹೋಗಬೇಡ. ಏಕೆ ಕೊಡಲಾರೆ ಎಂಬುದನ್ನೇ ನಿನ್ನ ವಾದ ಮಾಡು, ತೀರ್ಪು ಬೇಕೆನ್ನುವವನನ್ನು ಎದುರಿಗೆ ಕೂರಿಸಿಕೊಂಡು ಅವನನ್ನು ಒಪ್ಪಿಸು.

ಮಂಡಳಿಯವರು ಇದಕ್ಕೆ ಅಂಕ ಕೊಡುತ್ತಾರೋ ಕಳೆಯುತ್ತಾರೋ ನನಗೆ ಗೊತ್ತಿರಲಿಲ್ಲ. ಸಂಯೋಜಕಿ ಟಿಪ್ಪಣಿ ಓದಿ ಹುಬ್ಬೇರಿಸಿದರು, ಸಹಿ ಹಾಕಿದರು.

ದೀಪಾವಳಿ ರಜೆಗೆ ಮೊದಲು ಅಂತಿಮ ಪ್ರಬಂಧ ಬಂತು. ಸ್ಟಾಫ್ ರೂಮಿನಲ್ಲಿ ನಿಂತೇ ಓದಿದೆ. ಹಂಚಿಕೆಯ ಲೆಕ್ಕವೆಲ್ಲ ಮಾಯವಾಗಿತ್ತು. ಮೊದಲಿಗೇ ಎದುರಾಳಿಯ ಮಾತು: ಆರಿಸದೆ ಉಳಿಯುವುದು ಹೇಡಿತನ ಎಂದು ಕೆಲವರು ಹೇಳಬಹುದು. ಆಮೇಲೆ ಒಂದೊಂದೇ ದೃಶ್ಯ ಎತ್ತಿಕೊಂಡು ಉತ್ತರ. ಎರಡೂ ಕಾದಂಬರಿಗಳಲ್ಲಿ ದೊಡ್ಡವರು ಮಗುವನ್ನು ನಿನಗೆ ಯಾವ ಮನೆ ಇಷ್ಟ ಎಂದು ಕೇಳುತ್ತಾರೆ. ಕೇಳುವುದು ಉತ್ತರಕ್ಕಾಗಿ ಅಲ್ಲ, ನಿರ್ಧರಿಸುವ ಕಷ್ಟ ತಮಗೆ ಬೇಡ ಎಂದು. ಮಗು ಒಂದು ಮನೆಯ ಹೆಸರು ಹೇಳಿದರೆ ಇನ್ನೊಂದು ಮನೆಯ ದುಃಖಕ್ಕೆ ಅದೇ ಕಾರಣವಾಗುತ್ತದೆ, ದೊಡ್ಡವರ ಕೈ ತೊಳೆದ ಹಾಗಾಗುತ್ತದೆ. ಆದ್ದರಿಂದ ಈ ಎರಡು ಪುಸ್ತಕಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಓದುಗನೂ ಕೇಳಬಾರದು. ಅಲ್ಲಿಗೆ ಮುಗಿಸಿದ್ದಳು.

ಇಷ್ಟು ವರ್ಷ ಹೋಲಿಕೆಯ ಪ್ರಬಂಧ ಕಲಿಸಿದ್ದೇನೆ, ನನ್ನ ಪ್ರಶ್ನೆಯನ್ನೇ ತಿರುಗಿಸಿ ನನ್ನ ಎದುರಿಗಿಟ್ಟವರು ಯಾರೂ ಇರಲಿಲ್ಲ. ಸಂಯೋಜಕಿಯ ಕೋಣೆಗೆ ಹೋಗಿ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅಂದು ಬಸ್ಸಿನಲ್ಲಿ ನಾನು ಹುಡುಗಿಗೆ ಭಾಳ ಚೊಲೋ ಬರದಿ ಎಂದಾಗ ಅವಳು ನಕ್ಕದ್ದೂ ನೆನಪಿದೆ. ಆ ವರ್ಷದಲ್ಲಿ ಸಂತೋಷ ಎಂಬುದು ನನಗೆ ಸಿಕ್ಕಿದ್ದು ಆ ಒಂದು ಸಂಜೆ.

ರಜೆ ಮುಗಿಯಿತು. ಹುಡುಗಿ ಕೆಲವು ದಿನ ಶಾಲೆಗೆ ಬರಲಿಲ್ಲ. ಧನಕವಡಿಯ ತರಕಾರಿ ಸಂತೆಯಲ್ಲಿ ತಾಯಿ ಸಿಕ್ಕರು. ಕೈಯಲ್ಲಿ ಚೀಲವಿತ್ತು, ಚೀಲದಲ್ಲಿ ಏನೂ ಇರಲಿಲ್ಲ. ನನ್ನನ್ನು ಕಂಡು ನೇರ ಹತ್ತಿರ ಬಂದರು.

"ಕೋರ್ಟಿನ್ಯಾಗ ಒಳಗ ಕರದು ಕೇಳಿದ್ರಂತ ಸರ. ಅಕಿ ಅಳಲಿಲ್ಲ, ಅಂಜಲಿಲ್ಲ. ಮಗುವಿಗೆ ಇದನ್ನ ಕೇಳಬಾರದು, ಯಾಕ ಕೇಳಬಾರದು ಅಂತ ಕೂತು ಅವರಿಗೆ ತಿಳಿಸಿ ಹೇಳ್ಯಾಳ. ಆಮ್ಯಾಲೆ ಜಡ್ಜ್ ನಮ್ಮಿಬ್ಬರನ್ನೂ ಕರದ್ರು. ನಿಮ್ಮ ಮಗಳು ಹೇಳೂದು ಖರೇ ಅದ, ಅಕಿ ಮ್ಯಾಲೆ ಹಾಕಬ್ಯಾಡ್ರಿ, ನೀವ ಕೂತು ಒಂದು ನಿರ್ಧಾರಕ್ಕ ಬರ್ರಿ ಅಂದ್ರು. ಅಕಿ ಮಾತಿನ್ಯಾಗ ಒಂದು ತಪ್ಪು ಹುಡುಕ್ಲಿಕ್ಕೆ ಆಗಲಿಲ್ಲರಿ ನಮಗ. ಇಬ್ಬರೂ ತಲಿ ಕೆಳಗ ಹಾಕಿದ್ವಿ."

"ಮತ್ತ ಏನ ನಿರ್ಧಾರ ಆತ್ರಿ?" ಎಂದೆ.

"ಅವರ ಹತ್ರ ಬಿಡ್ಲಿಕ್ಕೆ ನನಗ ಮನಸ್ಸಿಲ್ಲ, ನನ್ನ ಹತ್ರ ಬಿಡ್ಲಿಕ್ಕೆ ಅವರಿಗೆ ಮನಸ್ಸಿಲ್ಲ. ಹಾಸ್ಟೆಲ್‌ಗೆ ಹಾಕೂದು ಅಂತ ಆತು. ಮ್ಯಾಲೆ ಘಾಟಿನ್ಯಾಗ ಒಂದು ಸಾಲಿ ಅದ. ರಜಾ ಸೂಟಿಗೆ ಬಂದಾಗ ಅರ್ಧ ಅಲ್ಲೆ, ಅರ್ಧ ಇಲ್ಲೆ. ಮದುವಿ ಆದಾಗಿಂದ ನಾವಿಬ್ಬರೂ ಕೂಡಿ ಒಪ್ಪಿದ್ದು ಇದೊಂದ ಇರಬೇಕ ನೋಡ್ರಿ." ಅಷ್ಟು ಹೇಳಿ ಅವರು ಪಕ್ಕದ ಗಾಡಿಯ ಟೊಮ್ಯಾಟೊ ಆರಿಸತೊಡಗಿದರು. ಆರಿಸಿದ್ದನ್ನು ಮತ್ತೆ ಅಲ್ಲೇ ಇಡುತ್ತಿದ್ದರು. ಬರ್ತೀನ್ರಿ ಎಂದಷ್ಟೇ ಹೇಳಿ ಬಂದೆ.

ಆ ಹಾಸ್ಟೆಲ್ ಶಾಲೆಯಲ್ಲಿ ಮಂಡಳಿ ಬೇರೆ, ಪುಸ್ತಕಗಳು ಬೇರೆ. ಅವಳ ಪ್ರಬಂಧ ಅಲ್ಲಿ ಲೆಕ್ಕಕ್ಕಿಲ್ಲ, ಇಲ್ಲಿಂದ ಮಂಡಳಿಗೆ ಕಳಿಸುವ ಹಾಗಿಲ್ಲ. ನಾನು ಅದಕ್ಕೆ ತರಗತಿಯಲ್ಲೇ ಅತಿ ಹೆಚ್ಚಿನ ಅಂಕ ಕೊಟ್ಟಿದ್ದೆ. ಸಂಯೋಜಕಿ ಮಂಡಳಿಗೆ ಹೋಗುವ ಕಟ್ಟಿನಿಂದ ಅದನ್ನು ತೆಗೆದು ನನಗೆ ವಾಪಸು ಕೊಟ್ಟರು.

ಹುಡುಗಿ ಕೊನೆಯ ಸಲ ಶಾಲೆಗೆ ಬಂದದ್ದು ಎರಡು ಕಾದಂಬರಿಗಳನ್ನು ವಾಪಸು ಮಾಡಲು. ಊಟದ ಬಿಡುವು, ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲ. ಪುಸ್ತಕಗಳನ್ನು ನನ್ನ ಮೇಜಿನ ಮೇಲಿಟ್ಟು ನಿಂತಳು. ಕೂತುಕೋ ಎಂದೆ, ಕೂತಳು.

"ಎಲ್ಲಾರೂ ಒಪ್ಪಿಬಿಟ್ರು ಸರ್" ಎಂದಳು.

ಹಾಸ್ಟೆಲ್ ಚೊಲೋ ಇರ್ತದ, ಗೆಳತಿಯರು ಸಿಗ್ತಾರ, ತಂಪು ಹವಾ ಎಂದೇನೇನೋ ಹೇಳಿದೆ. ಅವಳು ಹೂಂಗುಟ್ಟಿದಳು. ನಾನು ನಿಲ್ಲಿಸಿದ ಮೇಲೆ ಮೆಲ್ಲಗೆ ಹೇಳಿದಳು.

"ಯಾರೂ ಗೆಲ್ಲಲಿಲ್ಲ ಅಂದ್ರ ಎಲ್ಲಾ ಇದ್ದಂಗ ಇರ್ತದ ಅನ್ಕೊಂಡಿದ್ದೆ ಸರ್. ಸೋಮವಾರದಿಂದ ಪಪ್ಪಾ, ಶುಕ್ರವಾರ ಅವ್ವಾ. ಚೀಲ ಹೊತ್ಕೊಂಡು ಅಡ್ಡಾಡೂದು ನನಗೇನ ತ್ರಾಸ ಇರಲಿಲ್ಲ. ನನ್ನ ನೋಡಿ ಅವರಿಗೆ ತ್ರಾಸ ಆಗ್ತಿತ್ತು. ನನಗ ಹಂಗ ಇಬ್ಬರೂ ಸಿಕ್ಕರ ಸಾಕಾಗಿತ್ತು."

ಪ್ರಬಂಧದಲ್ಲಿ ಆ ಮಾತಿರಲಿಲ್ಲ. ಬೇಡ ಎನ್ನುವುದಕ್ಕೆ ಪುಟಗಟ್ಟಲೆ ಕಾರಣ ಕೊಟ್ಟಿದ್ದಳು, ಬೇಕು ಎನ್ನುವುದು ಒಂದು ಸಾಲೂ ಇರಲಿಲ್ಲ. ಅಷ್ಟು ಸಲ ಓದಿದ ನನಗೆ ಅದು ಕಂಡಿರಲಿಲ್ಲ.

"ಇದನ್ನ ಜಡ್ಜ್ ಮುಂದ ಯಾಕ ಹೇಳಲಿಲ್ಲ ತಂಗಿ?" ಎಂದೆ.

"ಅವರು ಯಾರ ಹತ್ರ ಇರ್ತಿ ಅಂತ ಕೇಳಿದ್ರು. ಏನ ಬೇಕು ಅಂತ ಕೇಳಲಿಲ್ಲ" ಎಂದಳು. ಎದ್ದು ಕುರ್ಚಿಯನ್ನು ಸರಿಯಾಗಿ ಮೇಜಿನೊಳಗೆ ಸರಿಸಿದಳು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವೂ ಕೇಳಲಿಲ್ಲ ಸರ್."